ನಾಲ್ಕನೇ ಅಧ್ಯಾಯ

"ಈ ನಾಲ್ಕನೇ ಅಧ್ಯಾಯನ ನಿಮಗೆ ಯಾರು ಬರ್ಕೊಟ್ರು?" ಎಂದು ಪರೀಕ್ಷಕರು ಸಂಶೋಧಕಿಯನ್ನು ಕೇಳಿದರು. ಅವಳ ಇಂಗ್ಲಿಷ್ ಪಿಎಚ್.ಡಿ. ಪ್ರಬಂಧದ ಉಳಿದ ಅಧ್ಯಾಯಗಳಲ್ಲೆಲ್ಲ ಕಾಗುಣಿತ, ಕ್ಯಾಪಿಟಲ್ ಅಕ್ಷರ, ಅಲ್ಪವಿರಾಮ ಒಂದು ಬಗೆ. ಅದೊಂದರಲ್ಲಿ ಇನ್ನೊಂದು ಬಗೆ. ಕದ್ದ ಬರಹವೆಂದು ಅವರು ಷರಾ ಬರೆದರೆ ಐದು ವರ್ಷದ ದುಡಿಮೆ ನೀರುಪಾಲು.

"ಹೇಳಿದ್ದು ನಾನೇ ಸರ್, ಟೈಪ್ ಮಾಡಿದ್ದು ನಮ್ಮತ್ತೆ. ಆಗ ಕೈಯಲ್ಲಿ ಇಪ್ಪತ್ತು ದಿನದ ಕೂಸು. ಫೋನಲ್ಲಿ ರೆಕಾರ್ಡ್ ಮಾಡಿ ಕೊಡ್ತಿದ್ದೆ. ಅವರು ಕೋರ್ಟಲ್ಲಿ ಟೈಪಿಸ್ಟ್ ಆಗಿದ್ದವರು, ಅಲ್ಲಿನ ಅಭ್ಯಾಸದಂತೆ ಹೊಡೆದಿದ್ದಾರೆ."

"ಸಿಕ್ಕಿಬಿದ್ದಾಗ ಎಲ್ಲರಿಗೂ ಒಬ್ಬರು ಅತ್ತೆ ಹುಟ್ಕೊಳ್ತಾರೆ ಬಿಡಿ."

ಅವಳು ಫೋನ್ ತೆಗೆದು ಆ ರೆಕಾರ್ಡಿಂಗ್ ಒತ್ತಿದಳು. ಅಧ್ಯಾಯದ ಮೊದಲ ವಾಕ್ಯ ಅವಳದೇ ದನಿಯಲ್ಲಿ ಕೋಣೆ ತುಂಬಿತು. ಪರೀಕ್ಷಕರ ಬೆರಳು ಪುಟದ ಮೇಲೆ ಅದರ ಹಿಂದೆಯೇ ಓಡತೊಡಗಿತು. ನಡುವೆ ಮಗು ಕಿಟಾರನೆ ಕಿರುಚಿತು. "ತಡಿಯೋ ಬಂಗಾರ, ಇದೊಂದು ಮುಗಿಸ್ತೀನಿ. ಅತ್ತೇ, ಆಗ ಹೇಳಿದ ವಾಕ್ಯ ಹೊಡೆದು ಹಾಕಿ, ಲೆಕ್ಕ ತಪ್ಪಿದೆ, ಹೀಗೆ ಬರ್ಕೊಳ್ಳಿ" ಎಂದ ದನಿ, ಅಳುವಿನ ಮೇಲೆಯೇ ಏರಿ ಹೊಸ ವಾಕ್ಯ ಹೇಳಿತು. ಪುಟದಲ್ಲಿದ್ದದ್ದು ಅದೇ ಹೊಸ ವಾಕ್ಯ, ಅಕ್ಷರಶಃ. ಬೆರಳು ಅಲ್ಲೇ ನಿಂತಿತು. ಪರೀಕ್ಷಕರು ಕನ್ನಡಕ ತೆಗೆದು, ಮಗು ಸಮಾಧಾನವಾಗುವವರೆಗೂ ಕೇಳಿದರು.

"ಒಂದು ಕೆಲಸ ಮಾಡಿ," ಎಂದರು ಕೊನೆಗೆ, ನಗುತ್ತ. "ಉಳಿದ ಅಧ್ಯಾಯಗಳನ್ನೂ ನಿಮ್ಮತ್ತೆ ಕೈಲೇ ಹೊಡೆಸಿ ತನ್ನಿ ಡಾಕ್ಟ್ರೇ, ಎಲ್ಲ ಒಂದೇ ಥರ ಆಗ್ಲಿ. ನಿಮ್ಮದಕ್ಕಿಂತ ಅವರದೇ ಚೆನ್ನಾಗಿದೆ."