ಸೋರುತ್ತಿದ್ದ ಜಾಯಿಂಟು

ಅಕ್ಕನ ಹಳೆಯ ವ್ಯಾನು ಪಟಪಟ ಸದ್ದು ಮಾಡುತ್ತಾ ಬಂದು ಗ್ಯಾರೇಜಿನ ಮುಂದೆ ನಿಂತಾಗ, ಕೈ ಒರೆಸಿಕೊಳ್ಳುತ್ತಿದ್ದ ತಂಗಿ ಹಾಗೇ ನಿಂತುಬಿಟ್ಟಳು. ಗ್ಯಾರೇಜು ತೆರೆದ ದಿನದಿಂದ ಅಕ್ಕ ಇತ್ತ ತಲೆ ಹಾಕಿರಲಿಲ್ಲ. "ಹೆಣ್ಣಾಗಿ ಗಾಡಿ ಕೆಳಗೆ ಮಲಗ್ತೀಯಾ? ಮನೆ ಮಾನ ಹರಾಜು ಹಾಕ್ತೀಯಾ?" ಎಂದು ಆವತ್ತು ಮುಖ ತಿರುಗಿಸಿ ಹೋದವಳು ಮಾತೇ ಬಿಟ್ಟಿದ್ದಳು.

ಈಗ ಆ ಮುಖ ಬಿಳಿಚಿಕೊಂಡಿತ್ತು. ಹಿಂದಿನ ಸೀಟಿನ ತುಂಬ ಅವಳು ಹೊಲಿದ ಸಮವಸ್ತ್ರಗಳ ಗಂಟುಗಳು.

"ದಾರೀಲಿ ಕಣ್ಣು ಕತ್ತಲೆ ಬಂತು ಕಣೇ. ಒಳಗೆಲ್ಲ ಹೊಗೆ. ಇನ್ನೊಂಚೂರಾಗಿದ್ರೆ ಮರಕ್ಕೆ ಗುದ್ದಿರ್ತಿದ್ದೆ."

"ಬೇರೆ ಮೆಕ್ಯಾನಿಕ್ ಸಿಗಲಿಲ್ವಾ?"

"ಸಿಕ್ಕಿದ. ಕಿಟಕಿ ತೆಗೆದು ಓಡಿಸಿ ಅಂದ."

ತಂಗಿಗೆ ನಗು ಬಂತು, ನಗಲಿಲ್ಲ. ನೀರು ಕೊಟ್ಟು, ಅಕ್ಕನನ್ನು ಗಾಳಿ ಬರುವ ಕಡೆ ಕೂರಿಸಿದಳು.

ಎಂಜಿನ್ ತಣ್ಣಗಾದ ಮೇಲೆ ವ್ಯಾನನ್ನು ಸ್ಟ್ಯಾಂಡಿನ ಮೇಲೆ ಏರಿಸಿ ನೋಡಿದರೆ, ಎಂಜಿನ್ನಿನ ಹೊಗೆ ಹೊರಬರುವ ಮ್ಯಾನಿಫೋಲ್ಡಿಗೆ ಸೈಲೆನ್ಸರ್ ಪೈಪು ಕೂಡುವ ಕಡೆ, ಸಂದು ಮುಚ್ಚುವ ಗ್ಯಾಸ್ಕೆಟ್ ಸುಟ್ಟು ಕರಕಲಾಗಿತ್ತು. ತುಕ್ಕು ಹಿಡಿದ ನಟ್ಟುಗಳು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಎಣ್ಣೆ ಬಿಟ್ಟು, ಬೈದು, ಮತ್ತೆ ಎಣ್ಣೆ ಬಿಟ್ಟು ಬಿಚ್ಚಿದಳು. ಎರಡೂ ಕಡೆಯ ಹಳೆಯ ಮಸಿಯನ್ನು ಲೋಹ ಹೊಳೆಯುವವರೆಗೆ ಕೆರೆದಳು. ಹೊಸ ಗ್ಯಾಸ್ಕೆಟ್ಟಿಗೆ ಬಿಸಿ ತಡೆಯುವ ಪೇಸ್ಟನ್ನು ತೆಳ್ಳಗೆ ಸವರಿದಳು. ಆದರೆ ಪೈಪು ಜೋತುಬಿದ್ದಿತ್ತು. ಅದನ್ನು ಕೆಳಗಿನಿಂದ ಯಾರಾದರೂ ಎತ್ತಿ ಹಿಡಿದರೆ ತಾನೇ ಇವಳು ಮೇಲಿನಿಂದ ಬಿಗಿಯುವುದು?

"ಪಕ್ಕದ ಅಂಗಡಿಯವರನ್ನ ಕರ್ಕೊಂಡು ಬರ್ತೀನಿ, ಇರು."

"ಯಾಕೆ, ನನಗೆ ಕೈ ಇಲ್ವಾ?" ಎಂದಳು ಅಕ್ಕ. ತಂಗಿ ಬೇಡವೆನ್ನುವಷ್ಟರಲ್ಲಿ ನೆಲಕ್ಕೆ ರಟ್ಟು ಹಾಸಿ, ಅಂಗಾತ ಮಲಗಿ, ವ್ಯಾನಿನಡಿ ತೂರಿಕೊಂಡಿದ್ದಳು.

"ಎತ್ತು... ಇನ್ನೂ ಸ್ವಲ್ಪ... ಎಡಕ್ಕೆ. ನಿನ್ನ ಎಡ ಅಲ್ಲ, ನನ್ನ ಎಡ!"

"ಚಿಕ್ಕೋಳಿದ್ದಾಗಲೂ ಹಿಂಗೇ ಜೋರು ಮಾಡ್ತಿದ್ದೆ."

"ಅಲ್ಲಾಡಬೇಡ ಅಕ್ಕಾ, ಗ್ಯಾಸ್ಕೆಟ್ ಜಾರುತ್ತೆ!"

ಅಕ್ಕಾ ಎನ್ನುವುದನ್ನು ಕೇಳಿ ಎಷ್ಟು ಕಾಲವಾಗಿತ್ತೋ. ಕೆಳಗೆ ಪೈಪು ಹಿಡಿದ ಕೈ ಆಮೇಲೆ ಕದಲಲೇ ಇಲ್ಲ.

ತಂಗಿ ಆ ಕಡೆ ಒಂದಿಷ್ಟು, ಈ ಕಡೆ ಒಂದಿಷ್ಟು ಬಿಗಿಯುತ್ತಾ ಬಂದಳು. ಅಂಚಿನ ಸುತ್ತಲೂ ಪೇಸ್ಟು ಸಮನಾಗಿ ಉಬ್ಬಿತು. ಒಣಗಿದರಾಯಿತು, ಇನ್ನು ಹೊಗೆ ಸೋರುವ ಮಾತಿಲ್ಲ. ಕೊನೆಯ ಸುತ್ತು ಬಿಗಿಯುವಾಗ ಸ್ಕೂಟರಿನವನೊಬ್ಬ ಬಂದು ನಿಂತು, ಅವಳ ತಲೆಯ ಮೇಲಿಂದ ಒಳಗೆಲ್ಲ ಕಣ್ಣಾಡಿಸಿದ.

"ಮೆಕ್ಯಾನಿಕ್ ಎಲ್ಲಮ್ಮಾ?"

ತಂಗಿಗೆ ಇದು ದಿನಾ ಕೇಳುವ ಪ್ರಶ್ನೆ. ಅವಳು ಬಾಯಿ ತೆರೆಯುವ ಮೊದಲೇ ವ್ಯಾನಿನಡಿಯಿಂದ ಗದರುವ ದನಿ ಬಂತು:

"ನಿಮ್ಮೆದುರಿಗೇ ನಿಂತಿದ್ದಾಳಲ್ಲ, ಕಾಣಲ್ವಾ? ಸ್ವಲ್ಪ ಕಾಯಿರಿ. ಮೊದಲು ಅವಳ ಅಕ್ಕನ ಗಾಡಿ."