ಹೊಳಪಿನ ಬದಿ

ಟಕ್.

ದೀಪವೆಲ್ಲ ಆರಿದ ಮೇಲೆ ಕೇಳಿದ ಆ ಸಣ್ಣ ಸದ್ದು ಏನೆಂದು ಅವಳಿಗೆ ಹಾಸಿಗೆಯಲ್ಲೇ ಗೊತ್ತಾಯಿತು. ಫಿಲ್ಮಿನ ಪ್ಲಾಸ್ಟಿಕ್ ಚೌಕಟ್ಟಿನ ಎರಡು ಹೋಳು ಒಂದಕ್ಕೊಂದು ಕಚ್ಚಿಕೊಳ್ಳುವ ಸದ್ದು. ಹಗಲೆಲ್ಲ ಕೇಳುವಂಥದೇ. ಆದರೆ ಈ ಹೊತ್ತಿನಲ್ಲಿ?

ಹಿಂದಿನ ಕೋಣೆಯ ಬಾಗಿಲು ತಳ್ಳಿದಳು. ಬೆಳಕಿನ ಮೇಜಿನ ಮುಂದೆ ಚಿಕ್ಕಮ್ಮ. ಕೈಗೆ ಬಿಳಿ ಗವಸು. ಪಕ್ಕದಲ್ಲಿ ಹರಿದು ಬಿದ್ದ ಹಳೆಯ ಕಾಗದದ ಚೌಕಟ್ಟು.

"ಅದನ್ನ ಮುಟ್ಟಬೇಡ ಅಂದಿದ್ದೆನಲ್ಲ!"

"ಬೂಷ್ಟು ಹಿಡಿದಿತ್ತು. ಒರೆಸಿ ಹೊಸದಕ್ಕೆ ಹಾಕಿದೆ, ಅಷ್ಟೇ."

"ನಾಳೆ ನಾನೇ ಹಾಕ್ತಿದ್ದೆ. ಕಳ್ಳಬೆಕ್ಕಿನ ಹಾಗೆ ಈಗ್ಯಾಕೆ?"

ಚಿಕ್ಕಮ್ಮ ಹರಿದ ಕಾಗದವನ್ನು ಬುಟ್ಟಿಗೆ ಹಾಕಿದಳು.

ಹಳೆಯ ಫಿಲ್ಮುಗಳನ್ನು ಸ್ಕ್ಯಾನ್ ಮಾಡಿಕೊಡುವುದು ಅವಳ ಕಸುಬು; ಅವನ್ನು ಹೊಸ ಚೌಕಟ್ಟಿಗೆ ಹಾಕುವುದು ಚಿಕ್ಕಮ್ಮನ ಪಾಲು. ಕಂಡವರ ಮನೆಯ ಅಜ್ಜ ಅಜ್ಜಿಯರೆಲ್ಲ ಅವಳ ಪರದೆಯ ಮೇಲೆ ಎದ್ದು ಕೂತಿದ್ದರು. ತನ್ನ ಅಮ್ಮನದು ಮಾತ್ರ ಗೋಡೆಯ ಮೇಲಿನ ಒಂದೇ ಪಟ. ಇವತ್ತು ಅಟ್ಟ ಗುಡಿಸುವಾಗ ಅಮ್ಮನ ಟ್ರಂಕಿನ ತಳದಲ್ಲಿ ಈ ಫಿಲ್ಮು ಸಿಕ್ಕಿತ್ತು. ಬೂಷ್ಟಿನಡಿ ಕಂಡದ್ದು ಕಿಟಕಿಯ ಬಳಿ ನಿಂತ ತುಂಬು ಬಸುರಿಯ ಆಕಾರವಷ್ಟೆ. ಸಾಕಿತ್ತು. ಅಮ್ಮನ ಹೊಟ್ಟೆಯಲ್ಲಿ ತಾನು!

ಅವಳು ಅಂಬೆಗಾಲಿಡುವಾಗಲೇ ಅಮ್ಮ ತೀರಿಕೊಂಡಿದ್ದಳು. ಮದುವೆಯಾಗದೆ ಅಕ್ಕನ ಮನೆಯಲ್ಲೇ ಉಳಿದಿದ್ದ ಚಿಕ್ಕಮ್ಮ ಅವಳನ್ನು ಬೆಳೆಸಿದಳು. ಅಕ್ಕತಂಗಿಯರದು ಒಂದೇ ಅಚ್ಚಿನ ಮುಖ. ಮಚ್ಚೆ ಅಕ್ಕನಿಗೆ ಬಲಗೆನ್ನೆಯಲ್ಲಿ, ತಂಗಿಗೆ ಎಡಗೆನ್ನೆಯಲ್ಲಿ. "ಇವರನ್ನ ಕನ್ನಡಿ ಮುಂದೆ ಮಾತ್ರ ನಿಲ್ಲಿಸಬೇಡ್ರಪ್ಪ, ಹೆಂಡತಿ ಯಾರು, ನಾದಿನಿ ಯಾರು ಅಂತ ತಿಳಿಯಲ್ಲ" ಎಂದು, ಈಗಿಲ್ಲದ ಅಪ್ಪ ಆಗ ನಗುತ್ತಿದ್ದನಂತೆ.

ಅವಳು ಚೌಕಟ್ಟನ್ನು ಕಸಿದುಕೊಂಡು ಓರೆಯಾಗಿ ಹಿಡಿದಳು. ಫಿಲ್ಮಿನ ಹೊಳಪಿನ ಬದಿ ನೋಡುವವರ ಕಡೆ ಇರಬೇಕು, ಮಂಕು ಬದಿ ಹಿಂದಕ್ಕೆ; ಇಲ್ಲದಿದ್ದರೆ ಕನ್ನಡಿಯಲ್ಲಿನಂತೆ ಎಡಬಲ ಅದಲುಬದಲು. ಇಲ್ಲಿ ಮಂಕು ಬದಿ ಮುಂದಿತ್ತು.

"ಮಗುಚಿ ಹಾಕಿದ್ದೀಯ! ಕಂಡವರದೆಲ್ಲ ಇಷ್ಟು ವರ್ಷ ಹಾಕಿದೆ, ಒಂದಾದ್ರೂ ಮಗುಚಿದ್ದುಂಟಾ? ನನ್ನ ಅಮ್ಮಂದೇ ಆಗಬೇಕಿತ್ತಾ?"

"ಕಣ್ಣು ಮಂಜು..."

"ಕಣ್ಣಲ್ಲ, ಮನಸ್ಸು! ಸತ್ತವಳ ಮೇಲೂ ಹೊಟ್ಟೆಕಿಚ್ಚು ನಿನಗೆ."

"ಅದನ್ನ ಹಾಗೇ ಬಿಡೇ. ಹಾಗೇ ಚೆನ್ನಾಗಿ ಕಾಣುತ್ತೆ. ನಿನ್ನ ದಮ್ಮಯ್ಯ."

"ಇವತ್ತು ಮಗುಚ್ತೀಯ, ನಾಳೆ ಸುಡ್ತೀಯ. ಹೆರದವಳಿಗೇನು ಗೊತ್ತು ಹೆತ್ತವಳ ಬೆಲೆ? ಬೆಳಗಾಗಲಿ, ಗಂಟುಮೂಟೆ ಕಟ್ಟು. ಈ ಮನೇಲಿ ನಿನಗೆ ಜಾಗ ಇಲ್ಲ."

ಚಿಕ್ಕಮ್ಮ ಗವಸು ಕಳಚಿ ಒಂದರ ಮೇಲೊಂದು ಜೋಡಿಸಿಟ್ಟಳು. "ಹೌದಮ್ಮ. ನನಗೇನು ಗೊತ್ತು."

ಚಿಕ್ಕಮ್ಮ ಹೋದ ಮೇಲೆ ಪಕ್ಕದ ಕೋಣೆಯಲ್ಲಿ ಪೆಟ್ಟಿಗೆಯ ಮುಚ್ಚಳ ಕಿರುಗುಟ್ಟಿತು. ಹೋಗಲಿ, ಪೀಡೆ ತೊಲಗಲಿ.

ಅವಳು ಗವಸು ತೊಟ್ಟು ಚೌಕಟ್ಟು ಬಿಚ್ಚಿದಳು. ಅಂಚು ಹಿಡಿದು ಫಿಲ್ಮನ್ನು ತಿರುಗಿಸಿದಳು. ಅಂಚಿನಲ್ಲಿ ಉಲ್ಟಾ ಕಾಣುತ್ತಿದ್ದ ಕಂಪನಿಯ ಅಕ್ಷರಗಳು ನೆಟ್ಟಗಾದವು. ಟಕ್. ಧೂಳು ಊದಿ ಯಂತ್ರಕ್ಕೆ ಕೊಟ್ಟಳು. ಚಿತ್ರ ಗೆರೆಗೆರೆಯಾಗಿ ಇಳಿಯಿತು: ಕಿಟಕಿಯ ಸರಳು, ಬೈತಲೆ, ಹಣೆ, ನಗುವ ಕಣ್ಣು. ಆಮೇಲೆ ಮಚ್ಚೆ.

ಎಡಗೆನ್ನೆಯಲ್ಲಿ.

ತಾನೇ ತಪ್ಪಿದೆನೆಂದು ಮತ್ತೆ ಬಿಚ್ಚಿದಳು. ಹೊಳಪಿನ ಬದಿ ಮುಂದೆಯೇ ಇತ್ತು. ಅಕ್ಷರಗಳು ನೆಟ್ಟಗೇ ಇದ್ದವು.

ಪಕ್ಕದ ಕೋಣೆಯಲ್ಲಿ ಸೀರೆ ಮಡಚುವ ಸದ್ದು ಕೇಳುತ್ತಿತ್ತು. ಅವಳು ಪರದೆಯ ಚಿತ್ರ ಅಳಿಸಿದಳು. ಫಿಲ್ಮನ್ನು ಮಂಕು ಬದಿಗೆ ಮಗುಚಿ, ಚೌಕಟ್ಟು ಮುಚ್ಚಿ, ಬಾಗಿಲಿಗೆ ಬಂದು ನಿಂತಳು.

"ಚಿಕ್ಕಮ್ಮ, ನೀನು ಹಾಕಿದ್ದೇ ಸರಿ ಇತ್ತು. ಪೆಟ್ಟಿಗೆ ಒಳಗಿಡು. ಎಲ್ಲೂ ಹೋಗಬೇಡ."

ಕಂಡದ್ದನ್ನು ಇನ್ನು ಯಾರಿಗೂ ಹೇಳುವುದಿಲ್ಲ ಎಂದುಕೊಂಡಳು. ಹೆತ್ತವಳಿಗೂ.