ವಕೀಲರ ಕಲ್ಲಂಗಡಿ ವೋಡ್ಕಾ

ಅಕ್ಕ ಅಡುಗೆಮನೆಗೆ ಕಾಲಿಟ್ಟಾಗ ತಂಗಿ ಗಂಡನ ವೋಡ್ಕಾ ಬಾಟಲಿಯನ್ನು ಸಿಂಕಿಗೆ ಬಗ್ಗಿಸುತ್ತಿದ್ದಳು. ನಲ್ಲಿ ಪೂರ್ತಿ ತೆರೆದಿತ್ತು. ಒಂದು ಕೈಯಲ್ಲಿ ಬಾಟಲಿ, ಇನ್ನೊಂದು ಕೈಯಲ್ಲಿ ತನ್ನದೇ ಮೂಗು.

“ಏನೇ ಮಾಡ್ತಿದ್ದೀಯ?”

“ಮೆಲ್ಲಗೆ ಮಾತಾಡು. ಅವರು ಸ್ನಾನಕ್ಕೆ ಹೋಗಿದ್ದಾರೆ.”

ಬಾಟಲಿ ಖಾಲಿಯಾದ ಮೇಲೆ ತಂಗಿ ಅದಕ್ಕೆ ನೀರು ತುಂಬಿದಳು. ಮೊದಲೆಷ್ಟಿತ್ತೋ ಅಷ್ಟೇ. ಮುಚ್ಚಳ ಬಿಗಿದು, ಒರೆಸಿ, ಕಾನೂನು ಪುಸ್ತಕಗಳ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಬೀಗದ ಕೈ ಗಂಡನ ಪ್ಯಾಂಟಿನ ಜೇಬಿಗೆ ವಾಪಸಾಯಿತು.

“ಅಪ್ಪ ನಾಳೆ ಹೊರಡ್ತೀನಿ ಅಂತ ಹಟ ಹಿಡಿದಿದ್ದಾರೆ, ಅಕ್ಕ. ಇವತ್ತೊಂದು ಸಂಜೆ ಆ ದರಿದ್ರದ್ದು ಇವರ ಹೊಟ್ಟೆಗೆ ಹೋಗದಿದ್ರೆ ಸಾಕು. ಇವರು ನೆಟ್ಟಗೆ ಮಾತಾಡಿದ್ರೆ ಅಪ್ಪ ಉಳ್ಕೋತಾರೆ.”

“ಮೊದಲ ಗುಟುಕಿಗೇ ಗೊತ್ತಾಗುತ್ತೆ ನಿನ್ನ ಗಂಡನಿಗೆ.”

“ಅಷ್ಟೊಂದು ಕಲ್ಲಂಗಡಿ, ನಿಂಬೆ, ಪುದೀನ ಸುರೀತಾರೆ. ಏನು ಗೊತ್ತಾಗುತ್ತೆ?”

ಅಕ್ಕ ಮೂತಿ ತಿರುವಿದಳು. ಡ್ರೈವಿಂಗ್ ಸ್ಕೂಲ್ ನಡೆಸುವ ಅವಳಿಗೆ ದಿನವಿಡೀ ತಪ್ಪನ್ನು ಗೇರಿನ ಮೇಲೆ ಹಾಕುವವರದೇ ಸಹವಾಸ. ಆದರೆ ತಂಗಿಯ ಗಂಡನಾದ ಈ ವಕೀಲರ ಮಟ್ಟಕ್ಕೆ ಏರಿದವರು ಅವಳಿಗಿನ್ನೂ ಸಿಕ್ಕಿರಲಿಲ್ಲ.

ಅಪ್ಪ ದರ್ಜಿಯಾಗಿದ್ದವರು. ಅಮ್ಮ ಹೋದ ಮೇಲೆ ಕೈ ನಡುಕ ಹೆಚ್ಚಾಗಿ ಕಿರಿಯ ಮಗಳ ಮನೆಗೆ ಬಂದಿದ್ದರು. ವಾರವೆಲ್ಲ ಅಳಿಯನದು ಬೆಣ್ಣೆಯಂಥ ಮಾತು. ಶನಿವಾರ ಸಂಜೆ ಎರಡು ಲೋಟ ಇಳಿದರೆ ನಾಲಿಗೆಗೆ ಹಿಡಿತವಿರುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ತಾವೇ ಕಾಫಿ ಹಿಡಿದು ಬರುತ್ತಿದ್ದರು.

“ನಿನ್ನೆ ಏನಾದ್ರೂ ಅಂದುಬಿಟ್ನಾ ಮಾವ? ಒಂದೂ ನೆನಪಿಲ್ಲ ನೋಡಿ.”

“ಇಲ್ಲಪ್ಪ, ಏನೂ ಇಲ್ಲ” ಎನ್ನುತ್ತಿದ್ದರು ಅಪ್ಪ, ಕಾಫಿ ತುಳುಕಿಸುತ್ತ.

ತಂಗಿಯ ಮಾತೂ ಒಂದೇ. “ಅವರು ಒಳ್ಳೆಯವರೇ ಅಕ್ಕ. ಕುಡಿತ ಮಾಡಿಸುತ್ತೆ.” ಆರೋಪಿ ಬಾಟಲಿ. ವಕೀಲರು ಪಾಪ, ಪಕ್ಕದಲ್ಲಿದ್ದವರು, ಅಷ್ಟೇ.

ಸಂಜೆಯಾಯಿತು. ಊಟದ ಮೇಜಿನ ಮೇಲೆ ವಕೀಲರ ಕಲಾಪ ಆರಂಭವಾಯಿತು.

ಕಲ್ಲಂಗಡಿಯನ್ನು ತುಂಡು ಮಾಡಿ ಫ್ರೀಜರಿನಲ್ಲಿ ಗಟ್ಟಿ ಮಾಡಿಟ್ಟಿದ್ದರು. ಅದನ್ನು ಮಿಕ್ಸಿಗೆ ಹಾಕುವ ಮೊದಲು ಅದರ ಬಗ್ಗೆ ಒಂದು ಭಾಷಣ. ಬೀಜ ಯಾಕೆ ತೆಗೆಯಬೇಕು ಎಂಬುದಕ್ಕೆ ಇನ್ನೊಂದು. ಪುದೀನವನ್ನು ಅರೆಯಬಾರದಂತೆ, ಅಂಗೈಯಲ್ಲಿಟ್ಟು ತಟ್ಟಬೇಕಂತೆ. ತಟ್ಟಿ ತೋರಿಸಿದರು. ಅಪ್ಪ ತಲೆಯಾಡಿಸಿದರು. ಮನೆಯಲ್ಲಿ ಒಂದು ಲೋಟ ತೊಳೆದಿಟ್ಟು ಗೊತ್ತಿಲ್ಲದ ಮನುಷ್ಯ ನಿಂಬೆಹಣ್ಣು ಹಿಂಡುವಾಗ ಮಾತ್ರ ಶಸ್ತ್ರಚಿಕಿತ್ಸೆ ಮಾಡುವವರ ಹಾಗೆ ಉಸಿರು ಬಿಗಿಹಿಡಿಯುತ್ತಿದ್ದರು.

ಆಮೇಲೆ ಬೀರು ತೆರೆದು ಬಾಟಲಿ ತಂದರು. ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಅಳೆದು ತಮ್ಮ ಲೋಟಕ್ಕೆ ಮಾತ್ರ ಹುಯ್ದುಕೊಂಡರು. ತಂಗಿಯ ಕಣ್ಣು ಆ ಲೋಟ ಬಿಟ್ಟು ಕದಲಲಿಲ್ಲ.

“ನನಗೂ ಒಂದು ಮುಚ್ಚಳ ಹಾಕಿ, ರುಚಿ ನೋಡ್ತೀನಿ” ಎಂದಳು ಅಕ್ಕ, ಬೇಕೆಂದೇ.

“ಬೇಡ ಅತ್ತಿಗೆ. ಇದೆಲ್ಲ ಎಲ್ಲರಿಗೂ ದಕ್ಕೋದಲ್ಲ. ವೋಡ್ಕಾಗೆ ವಾಸನೆ ಇರಲ್ಲ, ಬಣ್ಣ ಇರಲ್ಲ, ಅದೇ ಅದರ ದೊಡ್ಡತನ. ನೀವು ಜ್ಯೂಸ್ ಕುಡೀರಿ.”

ಗುಟುಕರಿಸಿದರು. ಕಣ್ಣು ಮುಚ್ಚಿದರು. “ಆಹಾ, ಇವತ್ತು ಹದ ಸರಿಯಾಗಿ ಬಂದಿದೆ.”

ತಂಗಿ ಅಕ್ಕನ ಮುಖ ನೋಡಿದಳು. ಗೊತ್ತಾಗಲಿಲ್ಲ ಎಂಬ ಸಮಾಧಾನ ಅವಳ ತುಟಿಯಂಚಿನವರೆಗೂ ಬಂದಿತ್ತು.

ಎರಡನೆಯ ಲೋಟ ಅರ್ಧವಾಗುವಷ್ಟರಲ್ಲಿ ವಕೀಲರ ಮಾತು ತೊದಲತೊಡಗಿತು. ರೆಪ್ಪೆ ಭಾರವಾಯಿತು. ಅಕ್ಕನಿಗೆ ನಗು ತಡೆಯುವುದು ಕಷ್ಟವಾಯಿತು. ಬರೀ ನೀರು ಕುಡಿದು ತೂರಾಡುವ ಮಹಾನುಭಾವ.

ನಡುವೆ ಫೋನ್ ಬಂತು, ಯಾರೋ ಕಕ್ಷಿದಾರ. “ಸೋಮವಾರ ಹತ್ತೂವರೆಗೆ ಬನ್ನಿ, ಮೂಲಪ್ರತಿ ಮರೀಬೇಡಿ” ಎಂದು ಗಂಟೆ ಬಾರಿಸಿದಂತೆ ಹೇಳಿ ಇಟ್ಟರು. ಇಟ್ಟ ಕೂಡಲೇ ಕತ್ತು ಮತ್ತೆ ವಾಲಿತು.

“ಮಾವಾ... ಈ ಕೈಯಲ್ಲಿ ನೀವು ಹೊಲಿದ ಪ್ಯಾಂಟು ಹಾಕ್ಕೊಂಡವರು ನೆಟ್ಟಗೆ ನಡೀತಿದ್ರಾ?” ಎನ್ನುತ್ತ ತಮ್ಮ ಲೋಟವನ್ನು ಅವರಂತೆಯೇ ಗಡಗಡ ನಡುಗಿಸಿ ತೋರಿಸಿದರು. “ಹೆಂಡ್ತಿ ಇರೋವರೆಗೂ ಅವಳ ಕೈ ತುತ್ತು. ಈಗ ಅಳಿಯನ ಮನೆ ಅನ್ನ. ಧರ್ಮಛತ್ರ ಅಂತ ಬಾಗಿಲಿಗೆ ಬೋರ್ಡ್ ಹಾಕಿಸ್ಲಾ?”

ಅಪ್ಪ ಜ್ಯೂಸಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಜೋಪಾನವಾಗಿ ಮೇಜಿನ ಮೇಲಿಟ್ಟರು.

ತಂಗಿ ಗಂಡನ ಮುಖ ನೋಡಿದಳು. ಆಮೇಲೆ ಅವನ ಲೋಟ ನೋಡಿದಳು. ಬಹಳ ಹೊತ್ತು ನೋಡಿದಳು. ಇಷ್ಟು ಕಾಲ ಬಾಟಲಿಯ ತಲೆಗೆ ಕಟ್ಟಿದ್ದೆಲ್ಲ ಈಗ ಎಲ್ಲಿಗೆ ಹೋಗಬೇಕೆಂದು ಅವಳಿಗೆ ತಿಳಿಯಿತು. ಎದ್ದು ಅಪ್ಪನ ತೋಳು ಹಿಡಿದಳು.

“ಬನ್ನಿ ಅಪ್ಪ. ಬಟ್ಟೆ ಜೋಡಿಸೋಣ. ನಾನೂ ಬರ್ತೀನಿ.”

ಒಳಕೋಣೆಯಲ್ಲಿ ಬಟ್ಟೆ ಕಪಾಟಿನ ಬಾಗಿಲು ತೆರೆದ ಸದ್ದಾಯಿತು. ವಕೀಲರು ಅತ್ತ ತಲೆಯೆತ್ತಿ ನೋಡಿ, ಮತ್ತೆ ವಾಲಿಸಿದರು. “ಬೆಳಿಗ್ಗೆ ಎಲ್ಲಾ ಸರಿಹೋಗುತ್ತೆ ಅತ್ತಿಗೆ. ನನಗೆ ಏನೂ ನೆನಪಿರಲ್ಲ. ಅವಳೂ ಮರೀತಾಳೆ.”

ಅಕ್ಕನಿಗೆ ಇನ್ನು ತಡೆಯಲಾಗಲಿಲ್ಲ. ಮುಂದೆ ಬಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು.

“ನೀವು ಕುಡಿದದ್ದು ನೀರು. ಆ ಬಾಟಲಿಯಲ್ಲಿ ಒಂದು ತೊಟ್ಟು ವೋಡ್ಕಾ ಇಲ್ಲ.”

ಪೆಚ್ಚಾಗಿ ಕಣ್ಣರಳಿಸುತ್ತಾರೆ, ತಬ್ಬಿಬ್ಬಾಗಿ ಬಾಟಲಿ ಮೂಸುತ್ತಾರೆ ಎಂದು ಕಾದಳು. ವಕೀಲರು ಬಾಟಲಿಯತ್ತ ತಿರುಗಲೂ ಇಲ್ಲ. ಕತ್ತು ನೆಟ್ಟಗಾಯಿತು. ಒಳಕೋಣೆಯ ಬಾಗಿಲನ್ನೊಮ್ಮೆ ನೋಡಿ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಒಂದಕ್ಷರವೂ ತೊದಲದೆ ಪಿಸುಗುಟ್ಟಿದರು.

“ಅವಳಿಗೆ ಮಾತ್ರ ಹೇಳಬೇಡಿ ಅತ್ತಿಗೆ. ಮದುವೆಯಾದಾಗಿನಿಂದ ಅದು ವೋಡ್ಕಾ ಅಂತಲೇ ನಂಬಿದ್ದಾಳೆ.”